ಎಡೆದೊರೆನಾಡೂ ಕಡಲೂ

2024ನೆಯ ಇಸವಿಯ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದರ ಸರಪಳಿ ಕಡಿದು, ಗೇಟು ಪ್ರವಾಹದಲ್ಲಿ ಕೊಚ್ಚಿಹೋಗಿ, ತುಂಬಿ ನಿಂತಿದ್ದ ಜಲರಾಶಿಯಿಂದ ಹತ್ತಾರು ಟಿಎಂಸಿ ನೀರು ಒಂದು ವಾರದೊಳಗಾಗಿ ನದೀಪಾತ್ರಕ್ಕೆ ಇಳಿದುಹೋದಾಗ, ಎಡದಂಡೆ ಕಾಲುವೆಯ ಆಶ್ರಯದಲ್ಲಿರುವ ಸಿಂಧನೂರು ಸೀಮೆಯ ಹಳ್ಳಿಗಳಲ್ಲಿ ಕೇಳಿಬಂದ ಉದ್ಗಾರವೊಂದೇ ಆಗಿತ್ತು: ನೀರೆಲ್ಲ ಸಮುದ್ರದ ಪಾಲಾಯಿತು. ಆ ಉದ್ಗಾರದ ಹಿಂದಿನ ಸಂಕಟ ನಿಜವಾದುದು. ಸಾಲ ಮಾಡಿ ಬೀಜ ಗೊಬ್ಬರ ತಂದವನಿಗೆ ಮುಂಗಾರಿನ ನಡುವಿನಲ್ಲಿಯೇ ಜಲಾಶಯ ಬರಿದಾಗುವುದನ್ನು ಕಾಣುವುದಕ್ಕಿಂತ ಭಯಂಕರವಾದ ನೋಟ ಬೇರೊಂದಿರಲಾರದು. ಆದರೆ ಅಂದಿನ ಆಪತ್ತಿಗಿಂತ ಬಹು ಹಿಂದಿನದಾದ, ಸಾಮಾನ್ಯ ರೈತನಿಂದ ಶಾಸಕನವರೆಗೆ, ಇಂಜಿನಿಯರನಿಂದ ನ್ಯಾಯವಾದಿಯವರೆಗೆ ಎಲ್ಲರೂ ವಿಚಾರಿಸದೆ ಒಪ್ಪಿಕೊಂಡಿರುವ ಒಂದು ಸಿದ್ಧಾಂತವೂ ಆ ಉದ್ಗಾರದಲ್ಲಿ ಅಡಗಿದೆ. ಸಮುದ್ರವನ್ನು ಮುಟ್ಟಿದ ನೀರು ವ್ಯರ್ಥವಾದ ನೀರು ಎಂಬುದೇ ಆ ಸಿದ್ಧಾಂತ. ಇದು ತಪ್ಪೆಂದೂ, ಉಷ್ಣವಲಯದ ತೀರಸಮುದ್ರಗಳ ಜೀವಸಂಪತ್ತನ್ನು ಕಾಯುವುದು ಕಡಲ ದಂಡೆಯವರ ಕಾರ್ಯ ಮಾತ್ರವಲ್ಲದೆ ಸಿಂಧನೂರು, ಲಿಂಗಸೂಗೂರು, ಮಸ್ಕಿಗಳಂಥ ಒಳನಾಡಿನ ತಾಲ್ಲೂಕುಗಳ ಕರ್ತವ್ಯವೂ ಆಗಿದೆಯೆಂದೂ ನಾನು ನಂಬುತ್ತೇನೆ. ಆ ನಂಬಿಕೆಗೆ ಆಧಾರವಾದ ಕಾರಣಗಳನ್ನು ಇಲ್ಲಿ ನಿರೂಪಿಸಬೇಕಾಗಿದೆ.

ಈ ಮೂರು ತಾಲ್ಲೂಕುಗಳು ಕೃಷ್ಣೆ ತುಂಗಭದ್ರೆಗಳ ನಡುವಿನ ಸೀಮೆಯಲ್ಲಿವೆ. ಹಳೆಯ ಶಾಸನಗಳು ಎಡೆದೊರೆನಾಡೆಂದು ಕರೆದದ್ದು ಈ ಸೀಮೆಯನ್ನೇ. ಲಿಂಗಸೂಗೂರಿನ ಉತ್ತರದಲ್ಲಿ ಕೃಷ್ಣೆ ಜಲದುರ್ಗದ ನಡುಗಡ್ಡೆಯನ್ನು ಬಳಸಿ ಹರಿಯುತ್ತಾಳೆ. ಸಿಂಧನೂರಿನ ದಕ್ಷಿಣದ ಎಲ್ಲೆಯಲ್ಲಿ ತುಂಗಭದ್ರೆ. ಮಸ್ಕಿಯ ಹಳ್ಳ ತುಂಗಭದ್ರೆಯನ್ನೇ ಸೇರುತ್ತದೆ. ಇಲ್ಲಿಗೆ ಸಮೀಪವಾದ ಸಮುದ್ರ ಪಶ್ಚಿಮದ ಅರಬ್ಬೀ ಸಮುದ್ರ. ಕಾರವಾರ ಸುಮಾರು 300 ಕಿಲೋಮೀಟರ್ ದೂರ. ಈ ಎರಡು ಹೊಳೆಗಳನ್ನು ತುಂಬುವ ಮುಂಗಾರು ಮೇಲೇಳುವುದು ಆ ಕಡೆಯಿಂದಲೇ. ಆದರೆ ಈ ನೆಲದ ಮೇಲೆ ಬಿದ್ದ ಹನಿ ಹರಿಯುವುದು ಪೂರ್ವಕ್ಕೆ. ಆಕಾಶಮಾರ್ಗದಲ್ಲಿ ಅಳೆದರೂ 450 ಕಿಲೋಮೀಟರಿಗೆ ಮಿಗಿಲಾದ ದೂರದಲ್ಲಿ, ಆಂಧ್ರದ ಹಂಸಲದೀವಿಯ ಬಳಿ, ಕೃಷ್ಣೆ ಬಂಗಾಳ ಕೊಲ್ಲಿಯನ್ನು ಸೇರುತ್ತಾಳೆ. ಒಂದು ಕಡಲಿನಿಂದ ಪಡೆದದ್ದನ್ನು ಇನ್ನೊಂದು ಕಡಲಿಗೆ ಒಪ್ಪಿಸುವ ಈ ನಾಡಿನಲ್ಲಿ ಕಡಲಿನ ಪ್ರಸ್ತಾಪ ಅಪ್ರಸ್ತುತವೆಂದು ಹೇಳುವವರು ಭೂಗೋಳವನ್ನು ಅರ್ಧ ಮಾತ್ರ ಓದಿದವರು.

ನದಿ ಸಮುದ್ರಕ್ಕೆ ಕೊಂಡೊಯ್ಯುವುದು ಕೇವಲ ನೀರನ್ನಲ್ಲ. ಮೇಲಿನ ನಾಡುಗಳಲ್ಲಿ ಸವೆದ ಬಂಡೆಗಳ ಹೂಳು, ಎರೆಭೂಮಿಯ ಸೂಕ್ಷ್ಮವಾದ ಕಪ್ಪು ಮಣ್ಣು, ಕಲ್ಲುಗಳಿಂದ ಕರಗಿಬಂದ ಸಿಲಿಕ, ಕೊಳೆತ ಎಲೆಗಳ ಸಾರ, ಇವೆಲ್ಲ ಆ ಪ್ರವಾಹದಲ್ಲಿವೆ. ಹೂಳು ಅಳಿವೆಯಲ್ಲಿ ಕೆಳಗಿಳಿದು ಮುಖಜಭೂಮಿಯಾಗುತ್ತದೆ. ಆ ಕೆಸರಿನ ಮೇಲೆ, ಉಪ್ಪು ಸಿಹಿಗಳ ಸಂಧಿಯಲ್ಲಿ, ಕಾಂಡ್ಲಾ ವನ ಬೇರೂರುತ್ತದೆ. ಸಮುದ್ರದಲ್ಲಿ ಮೊಟ್ಟೆಯೊಡೆದ ಸಿಗಡಿಯ ಮರಿಗಳು ಅಲೆಗಳ ರಭಸವನ್ನೂ ದೊಡ್ಡ ಮೀನುಗಳ ಬಾಯನ್ನೂ ತಪ್ಪಿಸಿಕೊಂಡು ಬಂದು ಬೆಳೆಯುವುದು ಆ ಬೇರುಗಳ ನೆರಳಿನಲ್ಲಿ. ಬಲಿತ ಮೇಲೆ ಅವು ಪುನಃ ಕಡಲಿಗೆ ಹಿಂದಿರುಗುತ್ತವೆ. ಕರಗಿದ ಸಿಲಿಕವನ್ನು ಡಯಾಟಮ್ ಎಂಬ, ಕಣ್ಣಿಗೆ ಕಾಣದ ಪಾಚಿಗಳು ತಮ್ಮ ಗಾಜಿನಂಥ ಕವಚಕ್ಕೆ ಉಪಯೋಗಿಸಿಕೊಳ್ಳುತ್ತವೆ. ಡಯಾಟಮನ್ನು ಸೂಕ್ಷ್ಮಜೀವಿಗಳು ತಿನ್ನುತ್ತವೆ, ಅವುಗಳನ್ನು ಚಿಕ್ಕ ಮೀನು, ಚಿಕ್ಕ ಮೀನನ್ನು ದೊಡ್ಡ ಮೀನು. ಮಳೆಗಾಲದಲ್ಲಿ ಕೆಂಪೇರಿ ಬರುವ ಪ್ರವಾಹ ಅಳಿವೆಯ ಉಪ್ಪನ್ನು ತಗ್ಗಿಸಿ ಅನೇಕ ಜಾತಿಯ ಮೀನುಗಳಿಗೆ ವಲಸೆಯ ಕಾಲವನ್ನು ಸೂಚಿಸುತ್ತದೆ. ಕೃಷ್ಣೆಯ ಮುಖದಲ್ಲಿ 1989ರಲ್ಲಿ ಘೋಷಿತವಾದ ಕೃಷ್ಣಾ ವನ್ಯಧಾಮ ಸುಮಾರು 195 ಚದರ ಕಿಲೋಮೀಟರ್ ವಿಸ್ತಾರವಾದುದು. ಅಲ್ಲಿಯ ಕಾಂಡ್ಲಾ ಪೊದೆಗಳಲ್ಲಿ ಮೀನುಬೆಕ್ಕು ವಾಸಿಸುತ್ತದೆ, ಹೊರಗಣ ಮರಳುದಂಡೆಯಲ್ಲಿ ಆಲಿವ್ ರಿಡ್ಲಿ ಆಮೆ ಮೊಟ್ಟೆಯಿಡುತ್ತದೆ. ಇವುಗಳ ಪಾದದಡಿಯ ಕೆಸರಿನಲ್ಲಿ ಮಸ್ಕಿಯ ಹಳ್ಳ ಒಯ್ದ ಮಣ್ಣಿನ ಕಣವೂ ಇದೆಯೆಂಬುದು ಉತ್ಪ್ರೇಕ್ಷೆಯಲ್ಲ. ಹೊಳೆಯ ದಾರಿಯನ್ನು ನಕಾಶೆಯಲ್ಲಿ ಬೆರಳಿಟ್ಟು ನೋಡಿದವರಿಗೆ ಅದು ಸ್ಪಷ್ಟ.

ಆ ಕಣ ಈಗ ಅಲ್ಲಿಗೆ ತಲುಪುವುದು ಅಪೂರ್ವವಾಗಿದೆ. 1953ರಲ್ಲಿ ನೀರು ತುಂಬಿದಾಗ ತುಂಗಭದ್ರಾ ಜಲಾಶಯದ ಸಾಮರ್ಥ್ಯ 133 ಟಿಎಂಸಿ ಇದ್ದುದು ಇಂದು ಸುಮಾರು 105 ಟಿಎಂಸಿಗೆ ಇಳಿದಿದೆಯೆಂಬುದು ನಮ್ಮ ಕಡೆಯ ಪ್ರತಿಯೊಬ್ಬ ರೈತನಿಗೂ ತಿಳಿದ ಸಂಗತಿ. ಹೂಳಿನಿಂದ ನಾವು ನೀರನ್ನು ಕಳೆದುಕೊಂಡೆವು ಎಂದು ನಾವು ಸರಿಯಾಗಿಯೇ ಮರುಗುತ್ತೇವೆ. ಅದೇ ಹೂಳನ್ನು ಕೃಷ್ಣೆಯ ಮುಖಜಭೂಮಿ ಕಳೆದುಕೊಂಡಿತೆಂಬ ಇನ್ನೊಂದು ಅರ್ಧವನ್ನು ಮಾತ್ರ ಯಾರೂ ಆಡುವುದಿಲ್ಲ. ತುಂಗಭದ್ರೆಯ ಕೆಳಗೆ ಶ್ರೀಶೈಲ, ನಾಗಾರ್ಜುನಸಾಗರಗಳಿವೆ. ಕೃಷ್ಣೆಯ ಮೇಲೆ ಆಲಮಟ್ಟಿ, ಲಿಂಗಸೂಗೂರಿನ ನೆರೆಯ ನಾರಾಯಣಪುರದ ಬಸವಸಾಗರ, ಜುರಾಲಾಗಳಿವೆ. ಕೊನೆಗೆ ವಿಜಯವಾಡದಲ್ಲಿ ಪ್ರಕಾಶಂ ಬ್ಯಾರೇಜು. ಇಪ್ಪತ್ತನೆಯ ಶತಮಾನದಲ್ಲಿ ಕೃಷ್ಣೆ ಸಮುದ್ರಕ್ಕೆ ಒಯ್ಯುತ್ತಿದ್ದ ಹೂಳಿನಲ್ಲಿ ಶೇಕಡಾ 90ಕ್ಕೂ ಮಿಕ್ಕಿದ ಭಾಗ ನಿಂತುಹೋಯಿತೆಂದು ಜಗತ್ತಿನ ಮುಖಜಭೂಮಿಗಳನ್ನು ತುಲನೆ ಮಾಡಿದ ವಿಜ್ಞಾನಿಗಳು 2009ರಲ್ಲಿ ಪ್ರಕಟಿಸಿದರು. ಹೊಸ ಹೂಳು ಬಾರದ ಮುಖಜಭೂಮಿ ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ, ಏರುವ ಸಮುದ್ರ ಅದರೊಳಗೆ ನುಗ್ಗುತ್ತದೆ. ಕಾಂಡ್ಲಾ ವನಕ್ಕೆ ಬೇಲಿ ಹಾಕಿ ಕಾವಲುಗಾರನನ್ನಿಟ್ಟ ಮಾತ್ರದಿಂದ ಆ ಕುಸಿತ ನಿಲ್ಲುವುದಿಲ್ಲ.

ನೈಲ್ ನದಿಯ ಕಥೆ ಇಲ್ಲಿ ಸ್ಮರಣೀಯ. 1960ರ ದಶಕದ ನಡುವಿನಲ್ಲಿ ಆಸ್ವಾನ್ ಅಣೆಕಟ್ಟು ನೈಲಿನ ವಾರ್ಷಿಕ ಪ್ರವಾಹವನ್ನು ತಡೆದು ನಿಲ್ಲಿಸಿದಾಗ, ಅದಕ್ಕೆ ಮುಂಚೆ ಈಜಿಪ್ಟಿನ ತೀರದಲ್ಲಿ ವರ್ಷಕ್ಕೆ 18 ಸಾವಿರ ಟನ್ನಿನಷ್ಟು ದೊರೆಯುತ್ತಿದ್ದ ಸಾರ್ಡೀನ್ ಮೀನು ಕೆಲವೇ ವರ್ಷಗಳಲ್ಲಿ ಒಂದು ಸಾವಿರ ಟನ್ನಿಗಿಂತ ಕೆಳಗೆ ಬಿದ್ದಿತು. ಮುಂದೆ ದಶಕಗಳು ಕಳೆದ ಮೇಲೆ ಅಲ್ಲಿಯ ಮೀನುಗಾರಿಕೆ ಚೇತರಿಸಿಕೊಂಡಿತೆಂಬುದೂ ನಿಜ. ಆದರೆ ಆ ಚೇತರಿಕೆಗೆ ಕಾರಣ ಹೊಲಗಳಿಂದ ಹರಿದ ರಾಸಾಯನಿಕ ಗೊಬ್ಬರ ಮತ್ತು ನಗರಗಳ ಕೊಳಚೆ ಎಂದು ಸಂಶೋಧಕರು ಊಹಿಸುತ್ತಾರೆ. ಹೂಳಿನ ಬದಲು ಕೊಳಚೆಯಿಂದ ಪೋಷಿತವಾದ ಸಮುದ್ರ ಹಿಂದಿನ ಸಮುದ್ರವಲ್ಲ, ಮೀನಿನ ತೂಕವೊಂದನ್ನೇ ಎಣಿಸುವವನಿಗೆ ಅದು ಹಾಗೆ ಕಂಡರೂ.

ಕೃಷ್ಣೆಯ ವಿಷಯದಲ್ಲಿ ಈ ಸ್ಥಿತಿ ಅನವಧಾನದಿಂದ ಒದಗಿದ್ದಲ್ಲ; ಲೆಕ್ಕ ಬರೆದು, ಸಹಿ ಹಾಕಿ ಮಾಡಿದ್ದು. 1969ರಲ್ಲಿ ನೇಮಕವಾದ ನ್ಯಾಯಮೂರ್ತಿ ಬಚಾವತರ ನ್ಯಾಯಾಧಿಕರಣ 1973ರಲ್ಲಿ ತೀರ್ಪಿತ್ತು, 1976ರಲ್ಲಿ ಅದಕ್ಕೆ ಅಂತಿಮರೂಪ ಕೊಟ್ಟಿತು. ನೂರು ವರ್ಷಗಳಲ್ಲಿ ಎಪ್ಪತ್ತೈದು ವರ್ಷ ನಿಶ್ಚಯವಾಗಿ ದೊರೆಯುವ ನೀರು 2060 ಟಿಎಂಸಿ ಎಂದು ನಿರ್ಣಯಿಸಿ, ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಪ್ರದೇಶಕ್ಕೆ 800 ಎಂದು ಹಂಚಿತು. ಹೊಲಗಳಿಂದ ಬಸಿದು ಮರಳಿ ಬರುವ ನೀರನ್ನು ಬೇರೆಯಾಗಿ ಸೇರಿಸಿತು. ಓದುಗರು ಈ ಮೂರು ಸಂಖ್ಯೆಗಳನ್ನು ಕೂಡಿಸಿ ನೋಡಬೇಕು. ಮೊತ್ತ 2060, ಶೇಷ ಸೊನ್ನೆ. ನಿಶ್ಚಿತವಾದ ನೀರಿನಲ್ಲಿ ಸಮುದ್ರಕ್ಕೆಂದು ಒಂದು ಹನಿಯನ್ನೂ ಯಾರೂ ಬೇಡಲಿಲ್ಲ, ಯಾರೂ ಕೊಡಲಿಲ್ಲ. ಒಳ್ಳೆಯ ಮಳೆಯ ವರ್ಷಗಳ ಹೆಚ್ಚುವರಿಯನ್ನು ಬಳಸುವ ಸ್ವಾತಂತ್ರ್ಯವೂ ಕೆಳಗಿನ ರಾಜ್ಯಕ್ಕೇ ಹೋಯಿತು. ಆ ನ್ಯಾಯಮೂರ್ತಿಗಳ ನಿಷ್ಪಕ್ಷಪಾತವನ್ನು ನಾನು ಸಂದೇಹಿಸುವುದಿಲ್ಲ. ಮೂವರು ವಾದಿಗಳು ಎದುರಿಗಿದ್ದರು, ಮೂವರಿಗೂ ನ್ಯಾಯ ದೊರೆಯಿತು. ವಕೀಲನಿಲ್ಲದ ನಾಲ್ಕನೆಯವನು ಪಟ್ಟಿಯಲ್ಲಿಯೇ ಇರಲಿಲ್ಲ. 1960ಕ್ಕೆ ಮುಂಚೆ ಕೃಷ್ಣೆ ವರ್ಷಕ್ಕೆ ಸರಾಸರಿ 57 ಘನ ಕಿಲೋಮೀಟರಿನಷ್ಟು ನೀರನ್ನು ಸಮುದ್ರಕ್ಕೆ ಒಪ್ಪಿಸುತ್ತಿದ್ದಳು. ಪ್ರಸ್ತುತ ಶತಮಾನದ ಆರಂಭದ ಬರಗಾಲದ ವರ್ಷಗಳಲ್ಲಿ ಅದು ಒಂದು ಘನ ಕಿಲೋಮೀಟರಿಗೂ ಕಡಿಮೆಯಾಯಿತು.

ನೀರು ಕಡಿಮೆಯಾಗಿ ತಲುಪುವುದು ಒಂದು ದೋಷವಾದರೆ, ತಲುಪಿದ ನೀರಿನ ಗುಣ ಕೆಡುವುದು ಇನ್ನೊಂದು. ಎಡದಂಡೆ ಕಾಲುವೆಯ ಯೋಜನೆಯನ್ನು ರೂಪಿಸಿದವರು ಇಲ್ಲಿ ಮುಖ್ಯವಾಗಿ ಜೋಳ, ಹತ್ತಿ, ಶೇಂಗಾದಂಥ ಮಿತನೀರಿನ ಬೆಳೆಗಳನ್ನು ಉದ್ದೇಶಿಸಿದ್ದರು; ಆದರೆ ಭತ್ತ ಬಂದಿತು, ಅದರೊಡನೆ ಸೋನಾ ಮಸೂರಿಯ ಕೀರ್ತಿ ಬಂದಿತು, ಅಕ್ಕಿಯ ಗಿರಣಿಗಳು ಬಂದವು, ಯೂರಿಯಾದ ಚೀಲಗಳೂ ಕೀಟನಾಶಕದ ಡಬ್ಬಗಳೂ ಬಂದವು. ಗದ್ದೆಗೆ ಹಾಕಿದ ಸಾರಜನಕದಲ್ಲಿ ಪೈರು ಹೀರಿಕೊಳ್ಳುವುದು ಸಾಮಾನ್ಯವಾಗಿ ಅರ್ಧಕ್ಕಿಂತ ಕಡಿಮೆ. ಮಿಕ್ಕದ್ದರಲ್ಲಿ ಬಹುಭಾಗ ಗಾಳಿಗೆ ಹೋಗುತ್ತದೆ, ಒಂದು ಭಾಗ ಬಸಿಗಾಲುವೆಯನ್ನೂ ಹಳ್ಳವನ್ನೂ ಹಿಡಿಯುತ್ತದೆ. ಅಮೆರಿಕದ ಮಧ್ಯಭಾಗದಲ್ಲಿ, ಸಮುದ್ರವನ್ನು ಕಣ್ಣಿನಿಂದ ಕಾಣದ ಮೆಕ್ಕೆಜೋಳದ ರೈತರು ಹೊಲಕ್ಕೆ ಚೆಲ್ಲಿದ ಗೊಬ್ಬರ ಮಿಸಿಸಿಪಿ ನದಿಯಲ್ಲಿ ಹರಿದು ಮೆಕ್ಸಿಕೋ ಕೊಲ್ಲಿಯಲ್ಲಿ ಪಾಚಿಯನ್ನು ಉಬ್ಬಿಸುತ್ತದೆ; ಆ ಪಾಚಿ ಸತ್ತು ಕೊಳೆಯುವಾಗ ತಳದ ನೀರಿನ ಆಮ್ಲಜನಕವನ್ನೆಲ್ಲ ತಿಂದುಹಾಕುತ್ತದೆ. 2017ರ ಬೇಸಗೆಯಲ್ಲಿ ಅಲ್ಲಿ 22 ಸಾವಿರ ಚದರ ಕಿಲೋಮೀಟರಿಗೂ ಮಿಕ್ಕ ಸಮುದ್ರತಳ ಮೀನಿಗೆ ವಾಸಯೋಗ್ಯವಲ್ಲದ್ದಾಗಿತ್ತು. ಬಂಗಾಳ ಕೊಲ್ಲಿಯಲ್ಲಿ ಮೇಲ್ಪದರದ ಕೆಳಗೆ, ನೂರಾರು ಮೀಟರಿನ ಆಳದಲ್ಲಿ, ಸಹಜವಾಗಿಯೇ ಆಮ್ಲಜನಕ ಅತ್ಯಲ್ಪ. ಅಂಥ ಸಮುದ್ರಕ್ಕೆ ಗೊಬ್ಬರವನ್ನು ಸೇರಿಸುವುದು ಅವಿವೇಕ.

ನಮ್ಮ ಗೊಬ್ಬರ ಅಷ್ಟು ದೂರ ಹೋಗುವುದುಂಟೆ, ನಡುವೆ ಇಷ್ಟು ಜಲಾಶಯಗಳಿವೆಯಲ್ಲ ಎಂದು ಆಕ್ಷೇಪಿಸುವವರಿದ್ದಾರೆ. ಆಕ್ಷೇಪದಲ್ಲಿ ಸತ್ಯಾಂಶವಿದೆ, ಸಿಂಧನೂರಿನ ಯೂರಿಯಾದ ಪ್ರತಿ ಕಣವೂ ಹಂಸಲದೀವಿಯನ್ನು ಮುಟ್ಟುತ್ತದೆಂದು ಯಾವ ವಿವೇಕಿಯೂ ಹೇಳಲಾರ. ಆದರೆ ಜಲಾಶಯಗಳು ತಡೆಯುವ ವಸ್ತುಗಳಲ್ಲಿ ತಾರತಮ್ಯವಿದೆ. ಹೂಳನ್ನು ಅವು ಬಹುಮಟ್ಟಿಗೆ ಪೂರ್ತಿಯಾಗಿ ತಡೆಯುತ್ತವೆ, ಸಿಲಿಕವನ್ನು ಗಣನೀಯವಾಗಿ ಹಿಡಿದಿಡುತ್ತವೆ. ಸಾರಜನಕವಾದರೋ ಪ್ರತಿಯೊಂದು ಅಣೆಕಟ್ಟಿನ ಕೆಳಗೂ ಹೊಸ ಗದ್ದೆಗಳಿಂದ, ಹೊಸ ಪಟ್ಟಣಗಳ ಚರಂಡಿಗಳಿಂದ ಮತ್ತೆ ಮತ್ತೆ ತುಂಬಿಬರುತ್ತದೆ. ಹೀಗಾಗಿ ಕಡಲಿಗೆ ಬೇಕಾದುದು ದಾರಿಯಲ್ಲಿ ಉಳಿದು, ಬೇಡವಾದುದು ಮುಂದೆ ಸಾಗುತ್ತದೆ. ಡಯಾಟಮುಗಳು ಹಿಂದೆ ಸರಿದು ಮೀನಿಗೆ ಹಿತವಲ್ಲದ ಪಾಚಿಗಳು ಮುಂದೆ ಬರುವುದಕ್ಕೆ ಈ ವೈಪರೀತ್ಯವೇ ಒಂದು ಕಾರಣ. ಅದಲ್ಲದೆ, ಸಮುದ್ರವನ್ನು ಮುಟ್ಟದಿದ್ದರೂ ಆ ವಿಷ ನಮ್ಮ ಹಳ್ಳದ ಮೀನನ್ನೂ ನಮ್ಮ ಬಾವಿಯ ನೀರನ್ನೂ ಮುಟ್ಟದೆ ಬಿಡುತ್ತದೆಯೆ?

ಎಡದಂಡೆ ಕಾಲುವೆಯ ಉದ್ದ 227 ಕಿಲೋಮೀಟರ್. ಮೇಲ್ಭಾಗದವರು ನಿಯಮ ಮೀರಿ ಭತ್ತ ನಾಟಿ ಮಾಡಿದ್ದರಿಂದ ಕೆಳಭಾಗದ ಮಾನ್ವಿ, ರಾಯಚೂರುಗಳ ಹೊಲಗಳಿಗೆ ನೀರು ತಲುಪದೆ ಪ್ರತಿವರ್ಷವೆಂಬಂತೆ ಕೆಳಭಾಗದ ರೈತರು ರಸ್ತೆಗಿಳಿಯುವುದನ್ನು ರಾಯಚೂರು ಜಿಲ್ಲೆಯಲ್ಲಿ ಅರಿಯದವರಿಲ್ಲ. ಗಂಗಾವತಿಯವರನ್ನು ಕುರಿತು ಸಿಂಧನೂರಿನವರಿಗೂ, ಸಿಂಧನೂರಿನವರನ್ನು ಕುರಿತು ಮಾನ್ವಿಯವರಿಗೂ ಇರುವ ದೂರು ಒಂದೇ ಜಾತಿಯದು. ಸಮುದ್ರವೆಂಬುದು ಈ ಸಾಲಿನ ಕಟ್ಟಕಡೆಯ ಕೆಳಭಾಗದ ರೈತ. ಅವನ ಹೊಲ ಅಳಿವೆಯಲ್ಲಿದೆ, ಅವನ ಬೆಳೆ ಸಿಗಡಿ ಮತ್ತು ಮೀನು. ಕೆಳಭಾಗದವನಿಗೆ ಹಕ್ಕಿಲ್ಲವೆಂದು ಹೇಳುವವನನ್ನು ಮಾನ್ವಿಯ ಸಂತೆಯಲ್ಲಿ ಯಾರೂ ಸಹಿಸುವುದಿಲ್ಲ. ಆ ನ್ಯಾಯವನ್ನು ಕಾಲುವೆಯ ಕೊನೆಯ ತೂಬಿಗೆ ನಿಲ್ಲಿಸದೆ ಹೊಳೆಯ ಕೊನೆಯವರೆಗೂ ಒಯ್ಯಬೇಕೆಂಬುದಷ್ಟೇ ನನ್ನ ವಾದ.

ಇದಕ್ಕೆ ಎದುರಾಗಿ ಬರುವ ಬಲವತ್ತರವಾದ ಪ್ರಶ್ನೆ ಮಸ್ಕಿಯ ಕಡೆಯಿಂದ ಬರುತ್ತದೆ. ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ಪಾಮನಕಲ್ಲೂರಿನಲ್ಲಿ ಬಹುಕಾಲ ಧರಣಿ ಕುಳಿತ ಒಣಭೂಮಿಯ ರೈತರ ಎದುರು ನಿಂತು, ಸಮುದ್ರಕ್ಕೆ ನೀರು ಬಿಡಿರೆಂದು ಹೇಳುವ ಧೈರ್ಯ ಯಾರಿಗಿದೆ? ನನಗಿಲ್ಲ, ಹೇಳುವ ಅವಶ್ಯಕತೆಯೂ ಇಲ್ಲ. ಕಡಲಿನ ಪಾಲನ್ನು ಬಾಯಾರಿದವನ ಬೊಗಸೆಯಿಂದ ಕಸಿಯಬೇಕಾಗಿಲ್ಲ. ಅದು ಇರುವುದು ಅತಿಯಾಗಿ ನೀರು ನಿಲ್ಲಿಸಿದ ಗದ್ದೆಯಲ್ಲಿ. ಭತ್ತ ಬೇಡುವ ನೀರಿನ ಅರ್ಧಕ್ಕಿಂತಲೂ ಕಡಿಮೆ ನೀರಿನಲ್ಲಿ ಜೋಳ ಬೆಳೆಯುತ್ತದೆ. ಭತ್ತವನ್ನೇ ಬೆಳೆಯುವೆನೆಂದರೂ ಸಸಿಮಡಿ ಮಾಡಿ ನಾಟಿ ಹಾಕುವ ಬದಲು ಕೂರಿಗೆ ಬಿತ್ತನೆಯಿಂದ ನೀರು ಉಳಿಯುವುದೆಂದು ರಾಯಚೂರಿನ ಕೃಷಿ ವಿಶ್ವವಿದ್ಯಾಲಯದವರು ಈ ಸೀಮೆಯಲ್ಲಿಯೇ ತೋರಿಸಿಕೊಟ್ಟಿದ್ದಾರೆ. ಅತಿನೀರಾವರಿಯಿಂದ ಸವಳು ಜವಳಾದ ಭೂಮಿ ಈ ಕಾಲುವೆಯ ಅಚ್ಚುಕಟ್ಟಿನಲ್ಲಿ ಸಾಕಷ್ಟಿದೆ. ಭೂಮಿಯನ್ನು ಕೆಡಿಸುತ್ತಿರುವ ನೀರು, ಮಸ್ಕಿಯ ಒಣಹೊಲಕ್ಕೆ ಸಲ್ಲದಿರುವ ನೀರು, ಕಡಲಿಗೆ ತಲುಪದಿರುವ ನೀರು, ಇವು ಮೂರೂ ಒಂದೇ. ಆದಕಾರಣ ಮಸ್ಕಿಯ ರೈತನೂ ಕೃಷ್ಣಾ ಅಳಿವೆಯ ಬೆಸ್ತನೂ ಪ್ರತಿಪಕ್ಷಿಗಳಲ್ಲ. ಒಂದೇ ಅನ್ಯಾಯದಿಂದ ನೊಂದವರು.

ಹಾಗೆಂದು ಎಷ್ಟಾದರೂ ಎಂದಾದರೂ ನೀರು ಬಿಟ್ಟರೆ ಸಾಕೆಂದಲ್ಲ. ನಮ್ಮ ಪಶ್ಚಿಮ ಕರಾವಳಿಯ ಎರಡು ನೆರೆಹೊರೆಯ ಹೊಳೆಗಳು ಈ ವಿಷಯದಲ್ಲಿ ಉತ್ತಮ ಶಿಕ್ಷಕರು. ಉತ್ತರ ಕನ್ನಡದ ಅಘನಾಶಿನಿಗೆ ಅಣೆಕಟ್ಟಿಲ್ಲ. ಅದರ ಅಳಿವೆಯಲ್ಲಿ ಇಂದಿಗೂ ಬಳಚು ಆಯ್ದು ಬದುಕುವ ಸಂಸಾರಗಳು ಬಹಳ, 2024ರಲ್ಲಿ ಅದಕ್ಕೆ ಅಂತಾರಾಷ್ಟ್ರೀಯ ಮಹತ್ವದ ಜೌಗುನೆಲವೆಂಬ ರಾಮ್ಸಾರ್ ಮಾನ್ಯತೆಯೂ ದೊರೆಯಿತು. ಅನತಿದೂರದ ಶರಾವತಿಯಲ್ಲಿ ವಿದ್ಯುದುತ್ಪಾದನೆಗಾಗಿ ವರ್ಷವಿಡೀ ಸಿಹಿನೀರು ಹರಿದುಬಂದು, ಬೇಸಗೆಯಲ್ಲಿ ಏರಬೇಕಾದ ಉಪ್ಪು ಏರದೆ, ಬಳಚಿನ ಜಾತಿಗಳು ಕ್ಷೀಣಿಸಿದವು. ಕೃಷ್ಣೆಯ ಅಳಿವೆಗೆ ಉಪ್ಪು ಅತಿಯಾಯಿತು, ಶರಾವತಿಯದಕ್ಕೆ ಸಾಲದಾಯಿತು. ಜೀವಸಂಕುಲಕ್ಕೆ ಬೇಕಾದುದು ನೀರಿನ ಮೊತ್ತ ಮಾತ್ರವಲ್ಲ, ಅದರ ಋತುಕ್ರಮ. ಶ್ರಾವಣ ಭಾದ್ರಪದಗಳಲ್ಲಿ ಒಂದು ನಿಜವಾದ ಪ್ರವಾಹ, ಬೇಸಗೆಯಲ್ಲಿ ಕ್ಷೀಣವಾದರೂ ಕಡಿಯದ ಒಂದು ಧಾರೆ.

ಸರಕಾರದ ಕಾನೂನುಗಳು ಈ ಸಂಬಂಧವನ್ನು ಇನ್ನೂ ಗುರುತಿಸಿಲ್ಲ. 1991ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಭರತರೇಖೆಯಿಂದ 500 ಮೀಟರನ್ನು ಅಳೆದು ತನ್ನ ಅಧಿಕಾರವನ್ನು ಗೊತ್ತುಮಾಡಿಕೊಂಡಿತು. ಅಳಿವೆಯನ್ನು ಒಣಗಿಸುವ ಕಾರಣವಾದರೋ 500 ಕಿಲೋಮೀಟರ್ ಆಚೆ ಕುಳಿತಿದೆ. ನಮ್ಮ ಹೊಳೆಯಲ್ಲಿಯೂ ಇದೇ ಗತಿ: ನೀರುನಾಯಿಗಳಿಗಾಗಿ 2015ರಲ್ಲಿ ತುಂಗಭದ್ರೆಯ ಮುದ್ಲಾಪುರದಿಂದ ಕಂಪ್ಲಿಯವರೆಗೆ 34 ಕಿಲೋಮೀಟರ್ ಸಂರಕ್ಷಿತ ಪ್ರದೇಶವೆಂದು ಘೋಷಿಸಿದರು, ಕಂಪ್ಲಿಯಿಂದ ಕೆಳಗೆ, ಸಿಂಧನೂರಿನ ಮುಕ್ಕುಂದದ ಕಡೆಗೆ ಈಜಿಬಂದ ನೀರುನಾಯಿಗೆ ಆ ರಕ್ಷಣೆಯಿಲ್ಲ. ಈ ವಿಷಯದಲ್ಲಿ ನಮ್ಮ ಪೂರ್ವಿಕರ ದೃಷ್ಟಿ ವಿಶಾಲವಾಗಿತ್ತು. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರು ಮಸ್ಕಿಯಲ್ಲಿ ಕಂಡ ಬಂಡೆಯ ಶಾಸನದಿಂದಲೇ ದೇವಾನಾಂಪ್ರಿಯನೆಂಬವನು ಅಶೋಕನೆಂದು ಲೋಕಕ್ಕೆ ನಿಶ್ಚಯವಾಯಿತು. ಆ ಅರಸನೇ ಪಟ್ಟಾಭಿಷೇಕದ 26 ವರ್ಷಗಳ ಮೇಲೆ ಉತ್ತರದ ಸ್ತಂಭಗಳಲ್ಲಿ ಕೆತ್ತಿಸಿದ ಐದನೆಯ ಶಾಸನದಲ್ಲಿ ಆಮೆಯನ್ನೂ ಕೆಲವು ಜಾತಿಯ ಮೀನುಗಳನ್ನೂ ಅವಧ್ಯವೆಂದು ಹೆಸರಿಸಿ, ಚಾತುರ್ಮಾಸ್ಯದ ಹುಣ್ಣಿಮೆಗಳಲ್ಲಿಯೂ ಉಪವಾಸದ ದಿನಗಳಲ್ಲಿಯೂ ಮೀನನ್ನು ಕೊಲ್ಲಬಾರದು, ಮಾರಬಾರದು ಎಂದು ವಿಧಿಸಿದ. ಇಂದು ಪಶ್ಚಿಮ ಕರಾವಳಿಯಲ್ಲಿ ಜೂನ್ ಜುಲೈ ತಿಂಗಳುಗಳಲ್ಲಿ ಯಾಂತ್ರಿಕ ದೋಣಿಗಳಿಗಿರುವ ನಿಷೇಧ ಹೊಸ ಕಲ್ಪನೆಯಲ್ಲ. ಅಶೋಕನ ಪಟ್ಟಿಯಲ್ಲಿ ನದಿಯ ಪ್ರಾಣಿಯೂ ಕಾಡಿನ ಪ್ರಾಣಿಯೂ ಒಂದೇ ವಾಕ್ಯದಲ್ಲಿ ನಿಂತಿವೆ; ಇಲಾಖೆಗಳ ಎಲ್ಲೆ ಅವನಿಗೆ ಅಡ್ಡ ಬರಲಿಲ್ಲ.

ಇನ್ನೊಂದು ಸಂಗತಿಯನ್ನು ಹೇಳದಿರಲಾರೆ. ಸಿಂಧನೂರು ತಾಲ್ಲೂಕಿನ ಪುನರ್ವಸತಿ ಕ್ಯಾಂಪುಗಳಲ್ಲಿ ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದ ಜನರ ಸಂಸಾರಗಳು ಅರ್ಧ ಶತಮಾನದಿಂದ ನೆಲೆಸಿವೆ. ಅವರ ಪೂರ್ವಿಕರ ನೆಲ ಜಗತ್ತಿನ ಅತಿ ದೊಡ್ಡ ಮುಖಜಭೂಮಿ. ಅವರಿಗೆ ಪ್ರಿಯವಾದ ಇಲಿಶ್ ಮೀನು ಸಮುದ್ರದಲ್ಲಿ ಬೆಳೆದು ಮೊಟ್ಟೆಯಿಡಲು ಹೊಳೆಯನ್ನೇರಿ ಬರುವಂಥದು. ಅದೇ ಮೀನು ಒಂದು ಕಾಲಕ್ಕೆ ಕೃಷ್ಣೆಯನ್ನೂ ಏರುತ್ತಿತ್ತು. 1855ರಲ್ಲಿ ಮುಗಿದ ವಿಜಯವಾಡದ ಒಡ್ಡು ಅದಕ್ಕೆ ಮೊದಲ ಅಡ್ಡಿಯಾಯಿತು. ಹಾವುಮೀನು ಇದಕ್ಕೆ ವಿರುದ್ಧವಾಗಿ ಆಳ ಸಮುದ್ರದಲ್ಲಿ ಹುಟ್ಟಿ ಸಿಹಿನೀರಿಗೆ ಬಂದು ಬೆಳೆಯುತ್ತದೆ. ಒಂದರ ಮೇಲೊಂದು ಅಣೆಕಟ್ಟುಗಳೆದ್ದ ಹೊಳೆಯಲ್ಲಿ ಅದರ ಮರಿಗೂ ದಾರಿಯಿಲ್ಲ. ಕಡಲು ಈ ಒಳನಾಡಿಗೆ ತಾನಾಗಿ ಬರುತ್ತಿದ್ದ ಕಾಲವೊಂದಿತ್ತೆಂಬುದಕ್ಕೆ ಈ ಮೀನುಗಳೇ ಸಾಕ್ಷಿ.

ಈಗ ಮಾಡಬೇಕಾದ ಕಾರ್ಯಗಳು ಅಸಾಧ್ಯವಾದವುಗಳಲ್ಲ. ನೀರಾವರಿ ಸಲಹಾ ಸಮಿತಿ ಪ್ರತಿ ಹಂಗಾಮಿನ ಆರಂಭದಲ್ಲಿ ಕಾಲುವೆಗೆ ಎಷ್ಟು ಕ್ಯೂಸೆಕ್ಸ್ ನೀರೆಂದು ನಿರ್ಣಯಿಸುವ ಸಭೆಯಲ್ಲಿಯೇ ಹೊಳೆಗೆ ಎಷ್ಟು ನೀರೆಂಬುದನ್ನೂ ನಿರ್ಣಯಿಸಿ ಪ್ರಕಟಿಸಲಿ. ಬೆಳೆಪದ್ಧತಿಯ ನಿಯಮವನ್ನು ಕಾಗದದಿಂದ ಹೊಲಕ್ಕೆ ತರಲಿ. ಜೋಳ ಬೆಳೆದವನಿಗೆ ಭತ್ತ ಬೆಳೆದವನಿಗಿಂತ ನಷ್ಟವಾಗದಂಥ ಬೆಲೆಯನ್ನು ಸರಕಾರ ಖಾತರಿಪಡಿಸಲಿ, ಅದಿಲ್ಲದೆ ಉಪದೇಶ ನಿಷ್ಫಲ. ಹಳ್ಳ ಮತ್ತು ಬಸಿಗಾಲುವೆಗಳ ನೀರಿನ ಸಾರಜನಕವನ್ನೂ ಕೀಟನಾಶಕದ ಅಂಶವನ್ನೂ ಪ್ರತಿ ತಿಂಗಳು ಅಳೆದು ಪಂಚಾಯತಿಯ ಗೋಡೆಯ ಮೇಲೆ ಬರೆಯಲಿ. ತುಂಗಭದ್ರೆಯ ಸಂರಕ್ಷಿತ ಪ್ರದೇಶ ಕಂಪ್ಲಿಯಿಂದ ಸಿಂಧನೂರಿನ ಗಡಿಯ ಕೊನೆಯವರೆಗೂ ಮುಂದುವರಿಯಲಿ. ಕೃಷ್ಣೆಯ ನೀರಿಗಾಗಿ ರಾಜ್ಯಗಳು ಇನ್ನೊಮ್ಮೆ ನ್ಯಾಯಪೀಠದ ಮುಂದೆ ನಿಂತಾಗ, ಕರ್ನಾಟಕವೇ ಮುಂದಾಗಿ, ತನ್ನ ಪಾಲಿನಿಂದ ಇಂತಿಷ್ಟನ್ನು ಅಳಿವೆಗಾಗಿ ಬಿಡುವೆನೆಂದೂ ಉಳಿದೆರಡು ರಾಜ್ಯಗಳೂ ತೆಲಂಗಾಣವೂ ಅದೇ ಪ್ರಮಾಣದಲ್ಲಿ ಬಿಡಬೇಕೆಂದೂ ಕೇಳಲಿ. ಸಿಂಧನೂರು, ಲಿಂಗಸೂಗೂರು, ಮಸ್ಕಿಗಳ ಶಾಸಕರು ಆ ಬೇಡಿಕೆಯನ್ನು ವಿಧಾನಸಭೆಯಲ್ಲಿ ಮೊದಲು ಎತ್ತಬೇಕೆಂದು ಅವರನ್ನು ಆರಿಸಿ ಕಳಿಸಿದ ಮತದಾರರು ಒತ್ತಾಯಿಸಲಿ.